ದಾರದ ಮೇಲಿನ ಬೆರಳು

ಕೊಡಗಿನ ವಾಲ್ನೂರಿನ ಬಳಿ, ಕಾವೇರಿ ದಡದಲ್ಲಿ ಗಾಳದ ಸ್ಪರ್ಧೆಗೆಂದು ಮೊದಲ ಸಲ ಕುಳಿತಾಗ ನನಗೆ ಐವತ್ತೆರಡು. ಮೂವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ "ಗಾಬರಿಯಾಗಬೇಡಿ ಮಕ್ಕಳೇ" ಎಂದವಳ ಕೈ ಗಡಗಡ ನಡುಗುತ್ತಿತ್ತು. ಪಕ್ಕದವರ ರೀಲು ಕಿರ್ರೆಂದಾಗಲೆಲ್ಲ ನನ್ನ ಗಾಳ ಎತ್ತಿ ನೋಡುತ್ತಿದ್ದೆ.

"ಅಕ್ಕಾ, ಬೇರೆಯವರ ಉತ್ತರಪತ್ರಿಕೆ ಯಾಕೆ ನೋಡ್ತೀಯ?" ಎಂದ ತಮ್ಮ.

ನಾಚಿಕೆಯಾಯಿತು. ರಾಗಿಮುದ್ದೆಯನ್ನು ಗಟ್ಟಿ ಉಂಡೆ ಕಟ್ಟಿ (ಮೀನಿಗೂ ಮುದ್ದೆ ಮಾಡಿ ಬಡಿಸುವ ಯೋಗ ನನ್ನದು!) ಕೊಕ್ಕೆಗೆ ಮೆತ್ತಿ, ಬಂಡೆಯ ಮಗ್ಗುಲಿನ ಸುಳಿಗೆ ಎಸೆದೆ. ದಾರದ ಮೇಲೆ ಬೆರಳಿಟ್ಟು, ಆ ಬೆರಳನ್ನಷ್ಟೇ ನೆನೆಯುತ್ತ ಕುಳಿತೆ. ಎರಡು ಗಂಟೆಯ ಮೇಲೆ ದಾರ ಜಗ್ಗಿತು. ಓಡಿದಾಗ ಬಿಟ್ಟೆ, ದಣಿದಾಗ ಸುತ್ತಿಕೊಂಡೆ. ಮೊಳದುದ್ದದ ಬಿಳಿಮೀನು! ಕಾವೇರಿಯ ಡುಬ್ಬದ ಬಿಳಿಮೀನು 2018ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಳೆದು ಮರಳಿ ಬಿಡಬೇಕು. ಒದ್ದೆ ಕೈಯಲ್ಲಿ ನೀರೊಳಗೇ ಹಿಡಿದಿದ್ದೆ. ಕಿವಿರು ಆಡಿತು, ಬಾಲ ಬಡಿದು ಹೋಯಿತು.

ಬಹುಮಾನ ಯಾರಿಗೆ ಬಂತೆಂದು ಕೇಳುವುದನ್ನೇ ಮರೆತೆ.