ಸ್ವಿಚ್ ಆರಿಸಿದರೆ ಮುಗಿಯುತ್ತಿದ್ದ ತುಂಟಾಟ

10 ಪ್ರಿಂಟ್, 20 ಗೋಟೂ 10. ಎಂಬತ್ತರ ದಶಕದಲ್ಲಿ ಶಾಲೆಯ ಕಂಪ್ಯೂಟರ್ ಕೋಣೆಗೆ ಕಾಲಿಟ್ಟವರಿಗೆ ಬೇಸಿಕ್ ಭಾಷೆಯ ಈ ಎರಡು ಸಾಲು ನೆನಪಿದ್ದೀತು. ಮೊದಲ ಸಾಲಿನಲ್ಲಿ ಪಕ್ಕದವನ ಹೆಸರು, ಅದರ ಮುಂದೆ ‘ಕತ್ತೆ’ ಎಂಬ ಬಿರುದು. ಎರಡನೆಯದು, ಮತ್ತೆ ಮೊದಲ ಸಾಲಿಗೇ ಹೋಗು ಎಂಬ ಅಪ್ಪಣೆ. ಕ್ಷಣದಲ್ಲಿ ಪರದೆಯ ತುಂಬ ಕತ್ತೆಗಳ ಮೆರವಣಿಗೆ.

1984ರಲ್ಲಿ ಸರ್ಕಾರ ‘ಕ್ಲಾಸ್’ ಎಂಬ ಯೋಜನೆ ಆರಂಭಿಸಿ, ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತು. ಆಗಿನ್ನೂ ಮದ್ರಾಸ್ ಆಗಿದ್ದ ಚೆನ್ನೈಯ ನಮ್ಮ ಶಾಲೆಗೂ ಕೆಲವು ಬಂದವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು ಆಡುತ್ತಿದ್ದ ನನಗೆ ಇದು ನಾಲ್ಕನೆಯ ಭಾಷೆ. ಇದರಲ್ಲಿ ಮಾತ್ರ ಎಲ್ಲರೂ ಹೊಸಬರು.

ಕತ್ತೆಗಳ ಮೆರವಣಿಗೆ ಎಸ್ಕೇಪ್ ಕೀಲಿ ಒತ್ತಿದರೆ ನಿಂತುಬಿಡುತ್ತಿತ್ತು. ಅದನ್ನು ನಿಲ್ಲದಂತೆ ಮಾಡುವುದು ಹೇಗೆ? ಕೈಪಿಡಿ ತಿರುವಿದ ಹುಡುಗರಿಗೆ ಗೊತ್ತಾಯಿತು: ಎಸ್ಕೇಪನ್ನು ಆ ಯಂತ್ರ ಒಂದು ‘ತಪ್ಪು’ ಎಂದೇ ಎಣಿಸುತ್ತದೆ, ತಪ್ಪಾದರೆ ಏನು ಮಾಡಬೇಕೆಂದು ಮೊದಲೇ ಹೇಳಿಡಬಹುದು. ಹೇಳಿಟ್ಟರು: ಮೊದಲಿಂದ ಶುರುಮಾಡು. ಉಳಿದದ್ದು ಬ್ರೇಕ್ ಕೀಲಿ. ಅದನ್ನು ಒತ್ತಿದರೆ ಪ್ರೋಗ್ರಾಂ ಅಳಿಸಿಹೋದಂತೆ ಕಾಣುತ್ತದೆ, ಆದರೆ ‘ಓಲ್ಡ್’ ಎಂದರೆ ಮರಳುತ್ತದೆ. ‘ಓಲ್ಡ್’, ‘ರನ್’ ಎರಡನ್ನೂ ಬ್ರೇಕ್ ಕೀಲಿಗೇ ಕಟ್ಟಿಟ್ಟರೆ, ನಿಲ್ಲಿಸಲೆಂದು ಒತ್ತಿದ ಬೆರಳೇ ಮತ್ತೆ ಚಾಲೂ ಮಾಡುತ್ತದೆ! ಪಾಠದಲ್ಲಿ ಇದಾವುದೂ ಇರಲಿಲ್ಲ. ಪರೀಕ್ಷೆಗೆಂದು ಯಾರೂ ಕೈಪಿಡಿಯನ್ನು ಅಷ್ಟು ಆಸೆಯಿಂದ ಓದಿರಲಿಕ್ಕಿಲ್ಲ.

“ಯಾರ್ ಡಾ ಪಣ್ಣದು?” ಎಂದು ಫಿಸಿಕ್ಸ್ ಸಾರ್ ಗುಡುಗಿದರು. ಸ್ವಿಚ್ ಆರಿಸಿದರು. ಮರುದಿನ ತಪ್ಪಿತಸ್ಥನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಅದು ಹೇಗೆ ಕೆಲಸ ಮಾಡುತ್ತದೆಂದು ಎಲ್ಲರಿಗೂ ವಿವರಿಸಲು ಹೇಳಿದರು. ಶಿಕ್ಷೆ ಅಷ್ಟೇ.

ಸಾರ್ ಉದಾರಿಯಾಗಿದ್ದರು, ನಿಜ. ಆದರೆ ಯಂತ್ರವೂ ಉದಾರಿಯಾಗಿತ್ತು. ಅದರ 32 ಕಿಲೋಬೈಟ್ ನೆನಪು ವಿದ್ಯುತ್ ಹೋದೊಡನೆ ಖಾಲಿ. ತುಂಟಾಟದ ಕುರುಹೂ ಉಳಿಯುತ್ತಿರಲಿಲ್ಲ. ಫ್ಲಾಪಿ ಇದ್ದಲ್ಲಿ ಕಥೆ ಬೇರೆ. 1982ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ಶಾಲಾ ಹುಡುಗ ರಿಚ್ ಸ್ಕ್ರೆಂಟಾ ಬರೆದ ‘ಎಲ್ಕ್ ಕ್ಲೋನರ್’ ಆಪಲ್ 2 ಕಂಪ್ಯೂಟರುಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ಹರಡಿತು. ಪ್ರತಿ 50ನೇ ಸಲ ಒಂದು ಪುಟ್ಟ ಪದ್ಯ ತೋರಿಸುತ್ತಿತ್ತು. ಗೆಳೆಯರನ್ನು ಕಾಡಿಸಲೆಂದು ಬರೆದದ್ದು ಅಪರಿಚಿತರ ಮನೆಗೂ ಹೊಕ್ಕಿತು. ತಮಾಷೆಗೂ ಹಾನಿಗೂ ನಡುವಿನ ಗೆರೆ ಅಲ್ಲೆಲ್ಲೋ ಇದೆ.

ಈ ಗೆರೆಯ ಯೋಚನೆ ಮತ್ತೆ ಬಂದದ್ದು ಅಕ್ಕನ ಮಗನಿಂದ. ಚೆನ್ನೈಯಲ್ಲೇ ಒಂಬತ್ತನೇ ಕ್ಲಾಸು. ಶಾಲೆಯ ಕಂಪ್ಯೂಟರಿನಲ್ಲಿ, ಶೇಕಡಾ 99ಕ್ಕೆ ನಿಂತೇಬಿಡುವ ಸುಳ್ಳು ‘ಅಪ್‌ಡೇಟ್’ ಪರದೆಯೊಂದನ್ನು ತಾನೇ ಬರೆದು ತೆರೆದಿಟ್ಟಿದ್ದ. ಮುಚ್ಚಿದರೆ ಮುಗಿಯಿತು, ಒಂದು ಫೈಲೂ ಹಾಳಾಗಿಲ್ಲ. ಅಕ್ಕನನ್ನು ಕರೆಸಿದರು. ‘ಸೈಬರ್ ಅಪರಾಧ’ ಎಂಬ ಮಾತು ಬಂತು. ವರ್ಷ ಮುಗಿಯುವವರೆಗೆ ಲ್ಯಾಬಿಗೆ ಪ್ರವೇಶವಿಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಇದೆ, ನಿಜ. ಆದರೆ ಅದು ಅನ್ವಯಿಸಲು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶ ಇರಬೇಕು. ಕಾನೂನು ಕೇಳುವ ಪ್ರಶ್ನೆಯನ್ನೂ ಶಾಲೆ ಕೇಳಲಿಲ್ಲ. ಬೇರೆಯವರ ಪಾಸ್‌ವರ್ಡ್ ಕದ್ದನೇ? ಯಾರದ್ದಾದರೂ ಕೆಲಸ ಕೆಡಿಸಿದನೇ? ಯಾರನ್ನಾದರೂ ಅಳಿಸಿದನೇ? ಇವಕ್ಕೆ ‘ಹೌದು’ ಎಂಬ ಉತ್ತರವಿದ್ದರೆ ಶಿಕ್ಷೆ ಕೊಡಲಿ. ಇಲ್ಲವಾದರೆ, ಹೇಗೆ ಮಾಡಿದೆ ಎಂದು ಕೇಳಲಿ.

“ಹನ್ನೊಂದಕ್ಕೆ ಕಂಪ್ಯೂಟರ್ ಸೈನ್ಸ್ ತಗೋತೀಯಾ?” ಎಂದು ಮೊನ್ನೆ ಅವನನ್ನು ಕೇಳಿದೆ.

“ಬೇಡ ಮಾಮ, ಕಾಮರ್ಸ್” ಎಂದ.

ಪರದೆಯ ಪ್ರೋಗ್ರಾಂ ತೋರಿಸು ಎಂದೆ. ಒಂದು ಗಂಟೆ ಮಾತಾಡಿದ.