ಹೆಪ್ಪು

3 ಜೂನ್ 2024, ಸೋಮವಾರ

ನಮ್ಮ ಗ್ಯಾಲಕ್ಸಿಯ ಕಾಂತಕ್ಷೇತ್ರ ಕೆಲವೇ ಮೈಕ್ರೋಗಾಸ್; ಭೂಮಿಯದಕ್ಕಿಂತ ಸುಮಾರು ಲಕ್ಷ ಪಟ್ಟು ಕ್ಷೀಣ. ಆದರೂ ಸಾವಿರಾರು ಜ್ಯೋತಿರ್ವರ್ಷ ಹಬ್ಬಿದೆ. ತಿರುಗುವ ಗ್ಯಾಲಕ್ಸಿಯೇ ಡೈನಮೋ ಆಗಿ ಅದನ್ನು ಬೆಳೆಸಿತು ಅನ್ನುತ್ತೇವೆ. ಆದರೆ ಡೈನಮೋ ಇದ್ದದ್ದನ್ನು ಬೆಳೆಸೀತು, ಇಲ್ಲದ್ದನ್ನು ಹುಟ್ಟಿಸಲಾರದು. ಹಾಲು ಎಷ್ಟೇ ಉಗುರುಬೆಚ್ಚಗಿದ್ದರೂ ಹೆಪ್ಪು ಬೇಕೇ ಬೇಕು.

ಗ್ಯಾಲಕ್ಸಿಯೊಳಗಾದರೆ 1950ರಲ್ಲಿ ಬಿಯರ್‌ಮನ್ ವಿವರಿಸಿದ, ಪ್ಲಾಸ್ಮಾದಲ್ಲಿ ತಾನಾಗಿ ಪ್ರವಾಹ ಹುಟ್ಟಿಸುವ ಬ್ಯಾಟರಿಯಿಂದ ಚಿಟಿಕೆಯಷ್ಟು ಸಿಕ್ಕೀತು. ನನ್ನನ್ನು ಕಾಡುತ್ತಿರುವುದು ಗ್ಯಾಲಕ್ಸಿಗಳೇ ವಿರಳವಾದ ಬಯಲು. 2010ರಲ್ಲಿ ನೆರೊನೊವ್, ವೊವ್ಕ್ ಎಂಬಿಬ್ಬರು ವಿಜ್ಞಾನಿಗಳು ಫರ್ಮಿ ದೂರದರ್ಶಕದ ಮಾಹಿತಿ ಜಾಲಾಡಿದರು. ನಮ್ಮತ್ತ ನೇರ ಕಿರಣ ಚಿಮ್ಮಿಸುವ ದೂರದ ಗ್ಯಾಲಕ್ಸಿ ಕೇಂದ್ರಗಳಾದ ಬ್ಲೇಜಾರ್‌ಗಳ ಸುತ್ತ ಇರಬೇಕಿದ್ದ ಮೃದು ಗಾಮಾ ಕಿರಣ ಇರಲಿಲ್ಲ. ಅದನ್ನು ಹುಟ್ಟಿಸಬೇಕಾದ ಎಲೆಕ್ಟ್ರಾನ್–ಪಾಸಿಟ್ರಾನ್‌ಗಳ ದಾರಿ ಬಾಗಿಸಲು, ಅವರ ಲೆಕ್ಕದಲ್ಲಿ, ಬಯಲಿನಲ್ಲೂ 10ರ ಘಾತ −16 ಗಾಸ್‌ನಷ್ಟು ಕ್ಷೇತ್ರ ಬೇಕು. ಅಲ್ಲಿಗೆ ಹೆಪ್ಪು ಹಾಕಿದವರು ಯಾರು?

5 ಜೂನ್, ಬುಧವಾರ

ವಿಶ್ವದ ಆರಂಭದ ಕ್ಷಣದ ಶರವೇಗದ ಹಿಗ್ಗುವಿಕೆ, ಅಂದರೆ ಇನ್‌ಫ್ಲೇಷನ್, ಕ್ವಾಂಟಮ್ ಕಂಪನಗಳನ್ನು ಹಿಗ್ಗಿಸಿ ಗ್ಯಾಲಕ್ಸಿಗಳ ಬೀಜ ಬಿತ್ತಿತು. ಬೆಳಕಿಗೆ, ಅಂದರೆ ವಿದ್ಯುತ್ಕಾಂತ ಕ್ಷೇತ್ರಕ್ಕೆ, ಮಾತ್ರ ಆ ಭಾಗ್ಯವಿಲ್ಲ. ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ವಿಶ್ವ ಹಿಗ್ಗಿದ್ದು ತಟ್ಟುವುದೇ ಇಲ್ಲ. ಕ್ಷೇತ್ರ ಸುಮ್ಮನೆ ತೆಳುವಾಗುತ್ತಾ ಹೋಗುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ತೀರಿಕೊಂಡ ಸ್ಟಾರೋಬಿನ್‌ಸ್ಕಿ 1980ರಲ್ಲಿ ತೆರೆದ ದಾರಿ ನನಗೆ ಪ್ರಿಯ: ಗುರುತ್ವದ ಸೂತ್ರಕ್ಕೆ ದೇಶಕಾಲದ ವಕ್ರತೆಯ ವರ್ಗವನ್ನೂ ಸೇರಿಸಿದರೆ ಇನ್‌ಫ್ಲೇಷನ್ ತಾನಾಗಿ ಬರುತ್ತದೆ. ಗುರುತ್ವವನ್ನು ಹೀಗೆ ತಿದ್ದಿದರೆ ಕಾಂತಕ್ಷೇತ್ರವೂ ಬಂದೀತೆಂದು ತಿಂಗಳುಗಟ್ಟಲೆ ನಂಬಿದ್ದೆ. ಬರುವುದಿಲ್ಲ. ಗುರುತ್ವ ಬದಲಾದರೂ ಬೆಳಕು ಅದಕ್ಕೆ ಕಿವಿಗೊಡಬೇಕಲ್ಲ! ಅದಕ್ಕೇ ಟರ್ನರ್, ವಿಡ್ರೋ 1988ರಲ್ಲಿ ವಿದ್ಯುತ್ಕಾಂತ ಕ್ಷೇತ್ರವನ್ನು ನೇರವಾಗಿ ವಕ್ರತೆಗೇ ಗಂಟುಹಾಕಿ ನೋಡಿದ್ದು.

9 ಜೂನ್, ಭಾನುವಾರ, ರಾತ್ರಿ

ನಾನೂ ಹಾಗೆ ಗಂಟು ಹಾಕಿದೆ. ಲೆಕ್ಕ ಕೂರಲಿಲ್ಲ. ಇನ್‌ಫ್ಲೇಷನ್ನಿನ ಕೊನೆಯ 55 ಇ-ಫೋಲ್ಡ್‌ಗಳಲ್ಲಿ (ಒಂದೊಂದರಲ್ಲೂ e ಪಟ್ಟು ಹಿಗ್ಗು) ವಿಶ್ವ 10ರ ಘಾತ 24ರಷ್ಟು ಹಿಗ್ಗುತ್ತದೆ. ವಕ್ರತೆ ಇಳಿಯುವುದು ಅದರ ಮುಂದೆ ತೀರಾ ಅಲ್ಪ. ಇಷ್ಟು ಆಲಸಿ ವಕ್ರತೆಯಿಂದ ದೊಡ್ಡ ಅಳತೆಯ ಕ್ಷೇತ್ರ ಏಳಬೇಕಾದರೆ ಗಂಟಿನಲ್ಲಿ ವಕ್ರತೆಯ ಘಾತವನ್ನು ಅಸಂಬದ್ಧವೆನಿಸುವಷ್ಟು ಏರಿಸಬೇಕು. ಹಾಗೆ ಬರೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಅಮ್ಮ ಫೋನ್ ಮಾಡಿದ್ದಳು. ಮೊಸರು ಮುಗಿದಿದೆ, ಹೆಪ್ಪಿಗೂ ಉಳಿದಿಲ್ಲ ಅಂದೆ. "ಒಣಮೆಣಸಿನಕಾಯಿ ತೊಟ್ಟು ಹಾಕಿಡೇ, ಬೆಳಗ್ಗೆ ಹೊತ್ತಿಗೆ ಆಗಿರುತ್ತೆ" ಅಂದಳು. ಹಾಕಿಟ್ಟೆ.

10 ಜೂನ್, ಬೆಳಗಿನ ಜಾವ

ಇನ್‌ಫ್ಲೇಷನ್ ಮುಗಿದ ಗಳಿಗೆಯಲ್ಲಿ ವಕ್ರತೆ ಇಳಿದು ಸುಮ್ಮನಾಗುವುದಿಲ್ಲ, ಮೇಲೆ ಕೆಳಗೆ ತೂಗುತ್ತದೆ. ಆ ತೂಗಾಟಕ್ಕೆ ಬೆಳಕನ್ನು ಕಟ್ಟಿ ನೋಡಿಲ್ಲ ನಾನು. ಹಾಳೆ ತೆಗೆದಿದ್ದೇನೆ.