ಆಗ್ರಾದ ಅರ್ಧ ದಿನ

ನಾವು ಗಂಡ ಹೆಂಡತಿ ಕೂಡಿಯೇ ಇದನ್ನು ಬರೆಯುತ್ತಿದ್ದೇವೆ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸಿದ್ದುಂಟು. ಪ್ರವಾಸದ ಬಗ್ಗೆ ಬರೆಯುವಷ್ಟು ತಿರುಗಾಡಿದವರು ನಾವಲ್ಲ. ಅಕ್ಕಲಕೋಟೆಯಲ್ಲಿ ನಮ್ಮದು ಮೂರು ತಲೆಮಾರಿನ ಅಡತಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಒಂದು ಹಂಗಾಮು ಮುಗಿಯಿತೆನ್ನುವಷ್ಟರಲ್ಲಿ ಇನ್ನೊಂದರ ಚೀಲಗಳು ಬಾಗಿಲಿಗೆ ಬಂದು ಬೀಳುತ್ತವೆ.

ಕಳೆದ ವರ್ಷ ದೀಪಾವಳಿಯ ಲೆಕ್ಕ ಮುಗಿದ ಮೇಲೆ ಮನೆಯಲ್ಲಿ ವಾಟಣಿಯ ಮಾತು ಬಂತು. ಬೇರೆಯಾಗಬೇಕೆಂದವನು ತಮ್ಮ. ಅದರಲ್ಲಿ ತಪ್ಪೇನೂ ಇಲ್ಲ. ಅವನ ಮಗ ಕಲಿತವನು, ಬೇಳೆಯ ಮಿಲ್ಲು ಹಾಕಬೇಕೆಂಬ ಆಸೆ ಇಟ್ಟುಕೊಂಡವನು. ವಕೀಲರು ವಾಟಣಿ ಪತ್ರದ ಕಚ್ಚಾ ಪ್ರತಿ ಮಾಡಿಕೊಟ್ಟರು. ಅಂಗಡಿ, ಗೋದಾಮು, ಹೊಲ ಎಲ್ಲದಕ್ಕೂ ಒಪ್ಪಿಗೆಯಾಯಿತು. ನಿಂತದ್ದು ಒಂದೇ ಮಾತಿಗೆ. ಹಿತ್ತಲಿನ ಬೋರು ನಮ್ಮ ಪಾಲಿನ ಜಾಗದಲ್ಲಿ ಬರುತ್ತದೆ. ಜಾಗ ನಮ್ಮದಾದ ಮೇಲೆ ಬೋರೂ ನಮ್ಮದೇ ಎಂದು ಪತ್ರದಲ್ಲಿ ಬರೆಸಿದವರು ನಾವು. ಬೇಸಿಗೆಯಲ್ಲಿ ನಳದ ನೀರಿಗೆ ದಿನ ಎಣಿಸುವ ನಮ್ಮ ಕಡೆ ಈ ಒಂದು ಸಾಲಿನ ಬೆಲೆ ಏನೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅಂದಿನಿಂದ ಅಣ್ಣ ತಮ್ಮ ನೇರ ಮಾತು ಬಿಟ್ಟರು. ಏನಿದ್ದರೂ ಮಕ್ಕಳ ಕೈಯಲ್ಲಿ ಹೇಳಿ ಕಳಿಸುವುದಾಯಿತು.

ಅಪ್ಪನಿಗೆ ೭೯ ವರ್ಷ. ಪತ್ರದ ಬಗ್ಗೆ ಅವರು ಹೌದು ಅಲ್ಲ ಏನೂ ಅನ್ನಲಿಲ್ಲ. “ಸಹಿ ಆಮ್ಯಾಲ ಮಾಡೋಣು. ಮೊದಲ ಎಲ್ಲಾರೂ ಕೂಡಿ ಒಮ್ಮೆ ಹಸ್ತಿನಾಪುರಕ್ಕ ಹೋಗಿ ಬರೋಣ ನಡೀರಿ” ಅಂದರು ಅಷ್ಟೇ. ಹೊಸ ತೊಗರಿ ಪೇಟೆಗೆ ಬರುವ ಮೊದಲು, ಡಿಸೆಂಬರ್ ಆರಂಭದಲ್ಲಿ, ಸೋಲಾಪುರದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆವು. ಒಟ್ಟು ಏಳು ಜನ. ದೆಹಲಿಯ ಲಾಲ್ ಮಂದಿರ, ಹಸ್ತಿನಾಪುರ, ಮಥುರೆಯ ಚೌರಾಸಿಯಲ್ಲಿ ಜಂಬೂಸ್ವಾಮಿಗಳ ದರ್ಶನ, ಎಲ್ಲ ಸಾಂಗವಾಗಿ ಆಯಿತು. ತಿರುಗಿ ಬರುವ ಗಾಡಿ ಆಗ್ರಾ ಕ್ಯಾಂಟ್‌ನಿಂದ ರಾತ್ರಿಗೆ. ಕೈಯಲ್ಲಿ ಅರ್ಧ ದಿನ ಉಳಿದಿತ್ತು. ಮಕ್ಕಳು ತಾಜಮಹಲು ನೋಡದೆ ಬರುವುದಿಲ್ಲವೆಂದು ಹಟ ಹಿಡಿದರು.

ಧರ್ಮಶಾಲೆಯ ವ್ಯವಸ್ಥಾಪಕರು ಒಬ್ಬ ಗೈಡನ್ನು ಗೊತ್ತು ಮಾಡಿಕೊಟ್ಟರು. ಐವತ್ತು ದಾಟಿದ ಮನುಷ್ಯ, ಕೊರಳಲ್ಲಿ ಪರವಾನಗಿಯ ಚೀಟಿ. ಅವರು ಹೇಳಿದ ದರವನ್ನು ನಾವು ಅರ್ಧ ಮಾಡಿದೆವು, ಅವರು ಮುಕ್ಕಾಲಿಗೆ ನಿಂತರು. ಬೆಳಿಗ್ಗೆ ಆರಕ್ಕೇ ಹೊರಡಿ, ತಾಜ್ ನೋಡುವ ಹೊತ್ತು ಅದೇ ಎಂದರು. ಆದರೆ ಸೂರ್ಯೋದಯವಾಗಿ ಎರಡು ಗಳಿಗೆ ಕಳೆಯುವವರೆಗೆ ಅಪ್ಪ ನೀರನ್ನೂ ಮುಟ್ಟುವವರಲ್ಲ, ಹಸಿದ ಹೊಟ್ಟೆಯಲ್ಲಿ ಅವರನ್ನು ನಡೆಸುವುದು ನಮಗೆ ಮನಸ್ಸಿಲ್ಲ. ಅಪ್ಪನ ಪೂಜೆ, ಕಟ್ಟಿ ತಂದಿದ್ದ ದಶಮಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ ಮುಗಿಸಿಕೊಂಡು ಹೊರಟಾಗ ಎಂಟು ಗಂಟೆ ದಾಟಿತ್ತು.

ತಾಜ್‌ನ ಹತ್ತಿರದವರೆಗೆ ಬಾಡಿಗೆ ಗಾಡಿಗಳನ್ನು ಬಿಡುವುದಿಲ್ಲ. ಹೊಗೆಯಿಂದ ಕಲ್ಲು ಕೆಡುತ್ತದೆಂದು ಅಲ್ಲಿಂದ ಮುಂದೆ ಬ್ಯಾಟರಿ ಗಾಡಿ. ಕೆಂಪು ಕಲ್ಲಿನ ದೊಡ್ಡ ದ್ವಾರದೊಳಗೆ ನಿಂತು ಎದುರಿಗೆ ನೋಡಿದರೆ ಬರೀ ಮಂಜು! ತಮ್ಮನ ಮಗ ಮೊಬೈಲು ಎತ್ತಿ ಹಿಡಿದವನು ಹಾಗೆಯೇ ಇಳಿಸಿದ. ಗೈಡ್ ಮಾತ್ರ ಗಾಬರಿಯಾಗಲಿಲ್ಲ. ನಡೆಯಿರಿ, ಹತ್ತಿರ ಹೋದ ಹಾಗೆ ಅದೇ ಕಾಣುತ್ತದೆ ಎಂದರು. ನೀರಿನ ಕಾಲುವೆಯ ಪಕ್ಕದಲ್ಲಿ ನಡೆದಂತೆ ಮೊದಲು ಗುಮ್ಮಟದ ಅಂಚು, ಆಮೇಲೆ ಒಂದೊಂದಾಗಿ ನಾಲ್ಕು ಮಿನಾರುಗಳು ಕಾಣಿಸಿಕೊಂಡವು. ಈ ಮಿನಾರುಗಳು ಸ್ವಲ್ಪ ಹೊರಕ್ಕೆ ವಾಲಿವೆಯಂತೆ. ಬಿದ್ದರೂ ಸಮಾಧಿಯ ಮೇಲೆ ಬೀಳಬಾರದೆಂಬ ಯೋಚನೆ ಎಂದು ಗೈಡ್ ಹೇಳಿದರು.

ಅವರು ಹೇಳಿದ್ದರಲ್ಲಿ ನಮಗೆ ನಾಟಿದ್ದು ಬುರ್ಹಾನಪುರದ ಮಾತು. ಮುಮ್ತಾಜ್ ತೀರಿಕೊಂಡದ್ದು ಆಗ್ರಾದಲ್ಲಿ ಅಲ್ಲ. ೧೬೩೧ರಲ್ಲಿ ಷಹಜಹಾನ್ ದಖ್ಖನದ ಮೇಲೆ ದಂಡೆತ್ತಿ ಬಂದಿದ್ದಾಗ ಬುರ್ಹಾನಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ಮೊದಲು ಅಲ್ಲಿಯೇ ಮಣ್ಣು ಮಾಡಿ, ತಿಂಗಳುಗಳ ಮೇಲೆ ಆಗ್ರಾಕ್ಕೆ ತಂದರು. ನಮ್ಮ ಗಾಡಿ ಅದೇ ಬುರ್ಹಾನಪುರದ ಮೇಲೆಯೇ ಹಾದು ಬಂದಿತ್ತಲ್ಲ! ಬಾಳೆಹಣ್ಣಿನ ಪೇಟೆ ಎಂದಷ್ಟೇ ನಮಗೆ ಆ ಊರಿನ ಗುರುತು.

೧೬೩೨ರಲ್ಲಿ ಕಟ್ಟಡ ಶುರು. ಅಮೃತಶಿಲೆ ರಾಜಸ್ಥಾನದ ಮಕರಾಣಾದ್ದು. ೨೦ ಸಾವಿರ ಜನ ೨೨ ವರ್ಷ ದುಡಿದರೆಂದು ಫ್ರಾನ್ಸಿನ ರತ್ನವ್ಯಾಪಾರಿ ಟಾವರ್ನಿಯೆ ಬರೆದಿಟ್ಟಿದ್ದಾನೆ. ಕೆಲಸ ಮುಗಿದ ಮೇಲೆ ಶಿಲ್ಪಿಗಳ ಕೈ ಕಡಿಸಿದರೆಂಬುದು ನಿಜವೇ ಎಂದು ನಮ್ಮ ಮಗಳು ಕೇಳಿದಳು. ಗೈಡ್ ನಕ್ಕರು. “ಹಾಗೆ ಹೇಳಿದರೆ ಬಕ್ಷೀಸು ಹೆಚ್ಚು ಸಿಗುತ್ತದೆ ಬೇಟಿ, ಆದರೆ ದಾಖಲೆ ಇಲ್ಲ” ಎಂದರು. ನದಿಯಾಚೆಗಿನ ಕಪ್ಪು ತಾಜ್‌ನ ಕಥೆಯೂ ಹಾಗೆಯೇ. ಆಚೆ ದಂಡೆಯಲ್ಲಿ ಅಗೆದು ನೋಡಿದಾಗ ಸಿಕ್ಕದ್ದು ಮೆಹತಾಬ್ ಬಾಗ್ ಎಂಬ ತೋಟ ಮತ್ತು ಅದರ ನೀರಿನ ಕೊಳ. ಸರಕಿನ ದೋಷವನ್ನು ತಾನೇ ಹೇಳುವ ವ್ಯಾಪಾರಿಯ ಮೇಲೆ ಗಿರಾಕಿಗೆ ನಂಬಿಕೆ ಹುಟ್ಟುತ್ತದೆ. ನಮಗೂ ಹಾಗೆಯೇ ಆಯಿತು.

ಒಳಗೆ ಹೋಗಲು ಬೇರೆ ಚೀಟಿ, ೨೦೦ ರೂಪಾಯಿ. ಎಲ್ಲವೂ ಎಡಕ್ಕೊಂದು ಬಲಕ್ಕೊಂದು ಸಮಸಮವಾಗಿ ಇರುವ ಆ ಜಾಗದಲ್ಲಿ ತೂಕ ತಪ್ಪಿದ ವಸ್ತು ಒಂದೇ. ನಟ್ಟ ನಡುವೆ ಮುಮ್ತಾಜಳ ಗೋರಿ. ಅದರ ಪಕ್ಕಕ್ಕೆ ಸರಿಸಿ ಇಟ್ಟಂತೆ ಷಹಜಹಾನನದು. ನಿಜವಾದ ಸಮಾಧಿಗಳು ಕೆಳಗಿನ ಕೋಣೆಯಲ್ಲಿವೆ, ಮೇಲಿನವು ಗುರುತಿಗೆ ಮಾತ್ರ. “ಇಷ್ಟೆಲ್ಲಾ ಕಟ್ಟಿಸಿದಾಂವಗ ತನ್ನ ಜಾಗಾ ಬಾಜೂಕ ಆತು ನೋಡ” ಎಂದರು ಅಪ್ಪ. ಗೈಡ್ ಗಡಿಯಾರ ನೋಡಿ, “ಆ ಮಾತು ಕೋಟೆಯಲ್ಲಿ ಹೇಳುತ್ತೇನೆ ಬಾಬೂಜಿ” ಎಂದು ಹೊರಡಿಸಿದರು.

ಕೋಟೆಗೆ ಮೊದಲು ಒಂದು ಅಮೃತಶಿಲೆಯ ಅಂಗಡಿ ಬಂತು. ನಾವು ಕೇಳಿರಲಿಲ್ಲ. ಬರೀ ನೋಡಿ ಹೋಗಿ ಎಂದರು ಗೈಡ್. ಕುಶಲಕರ್ಮಿಯೊಬ್ಬರು ಸಾಣೆ ಚಕ್ರದ ಮುಂದೆ ಕೂತು ಅಕ್ಕಿಯ ನುಚ್ಚಿನಷ್ಟು ಸಣ್ಣ ಕಲ್ಲನ್ನು ಹೂವಿನ ಎಸಳಾಗಿ ತಿದ್ದುತ್ತಿದ್ದರು. ಶಿಲೆಯಲ್ಲಿ ಕುಳಿ ಕೊರೆದು ಎಸಳನ್ನು ಅದರಲ್ಲಿ ಕೂರಿಸುವ ಈ ಕೆಲಸಕ್ಕೆ ಪಚ್ಚೀಕಾರಿ ಎನ್ನುತ್ತಾರೆ. ಬ್ಯಾಟರಿ ಹಚ್ಚಿ ಕೆಳಗೆ ಹಿಡಿದರೆ ಅಮೃತಶಿಲೆಯೊಳಗಿನ ಕೆಂಪು ಕಲ್ಲು ಕೆಂಡದಂತೆ ಹೊಳೆಯಿತು. ಆದರೆ ಮಾರಾಟದ ಕಟ್ಟೆಯ ಮೇಲಿದ್ದ ಅಗ್ಗದ ಡಬ್ಬಿಯೊಂದರ ಬುಡಕ್ಕೆ ತಮ್ಮ ಉಗುರು ಎಳೆದಾಗ ಗೆರೆ ಬಿತ್ತು. ಅದು ಬಳಪದ ಕಲ್ಲು! ತಮ್ಮ ಏನೂ ಅನ್ನದೆ ಡಬ್ಬಿಯನ್ನು ನಮ್ಮ ಕಡೆ ತಿರುಗಿಸಿ ತೋರಿಸಿ ಇಟ್ಟ. ಎಷ್ಟೋ ವಾರಗಳ ಮೇಲೆ ಅಣ್ಣ ತಮ್ಮ ಕಣ್ಣಿಗೆ ಕಣ್ಣು ಕೊಟ್ಟು ನಕ್ಕದ್ದು ಅಲ್ಲಿ. ಹೊರಗೆ ಬಂದ ಮೇಲೆ ಅಪ್ಪ ಗೈಡಿನ ಹೆಗಲ ಮೇಲೆ ಕೈಯಿಟ್ಟು, “ನಾವೂ ಅಡತಿಯವರೇ. ನೂರಕ್ಕೆಷ್ಟು?” ಎಂದು ಹಿಂದಿಯಲ್ಲಿ ಕೇಳಿದರು. ಆ ಮನುಷ್ಯ ನಾಚಿದರೂ ನಗದೆ ಇರಲಾಗಲಿಲ್ಲ.

ಕೋಟೆಯ ದಾರಿಯಲ್ಲಿ ಗೈಡಿಗೆ ಅಪ್ಪನೇ ಗೈಡಾದರು. ಇದೇ ಆಗ್ರಾದಲ್ಲಿ ಬನಾರಸೀದಾಸ ಎಂಬ ಜೈನ ವ್ಯಾಪಾರಿ ಇದ್ದದ್ದು ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದರು ಅವರು. ತಾಜ್ ಏಳುತ್ತಿದ್ದ ವರ್ಷಗಳಲ್ಲೇ, ೧೬೩೬ರಲ್ಲಿ, ಬನಾರಸೀದಾಸರು ಇಲ್ಲಿ ‘ಸಮಯಸಾರ ನಾಟಕ’ ಬರೆದರು. ೧೬೪೧ರಲ್ಲಿ ತಮ್ಮ ೫೫ ವರ್ಷಗಳ ಬಾಳನ್ನೇ ‘ಅರ್ಧಕಥಾನಕ’ವೆಂದು ಬರೆದರು. ಮನುಷ್ಯನ ಪೂರ್ಣಾಯುಸ್ಸು ೧೧೦ ಎಂದು ಹಿಡಿದು, ತಮ್ಮದು ಅರ್ಧ ಕಥೆ ಎಂದು ಆ ಹೆಸರು. ವ್ಯಾಪಾರದಲ್ಲಿ ಕಳೆದುಕೊಂಡದ್ದು, ಹುಟ್ಟಿದ ಒಂಬತ್ತು ಮಕ್ಕಳೂ ಹೋದದ್ದು ಎಲ್ಲವನ್ನೂ ಬರೆದಿದ್ದಾರೆ. ೧೬೦೫ರಲ್ಲಿ ಅಕ್ಬರ ತೀರಿಕೊಂಡ ಸುದ್ದಿ ಜೌನಪುರಕ್ಕೆ ಮುಟ್ಟಿದಾಗ ಪೇಟೆಯವರು ಅಂಗಡಿ ಮುಚ್ಚಿ, ಒಡವೆಗಳನ್ನು ಬಚ್ಚಿಟ್ಟರಂತೆ. ಸುದ್ದಿ ಕೇಳಿದ ಬನಾರಸೀದಾಸರು ಮೆಟ್ಟಿಲ ಮೇಲಿಂದ ಬಿದ್ದು ತಲೆ ಒಡೆದುಕೊಂಡರಂತೆ. ಬಾದಶಹರ ಮನೆಯಲ್ಲಿ ಜಗಳವಾದರೆ ಪೇಟೆಗೆ ಮೊದಲು ಭಯ. ಗೈಡ್ ಚೀಟಿ ತೆಗೆದು ಆ ಹೆಸರು ಬರೆದುಕೊಂಡರು.

ಆಗ್ರಾ ಕೋಟೆಯ ಕೆಂಪು ಗೋಡೆ ಸುತ್ತಳತೆಯಲ್ಲಿ ಎರಡೂವರೆ ಕಿಲೋಮೀಟರು. ೧೫೬೫ರಿಂದ ಅಕ್ಬರ ಕಟ್ಟಿಸಿದ್ದು. ಅಮರಸಿಂಗ್ ದ್ವಾರದ ಏರು ಹತ್ತುವಾಗ ಅಪ್ಪನ ಒಂದು ಕೈ ನಮ್ಮಲ್ಲಿ, ಇನ್ನೊಂದು ತಮ್ಮನಲ್ಲಿ. ಜಹಾಂಗೀರಿ ಮಹಲನ್ನು ಬೇಗ ನೋಡಿ ಮುಗಿಸಿದೆವು. ನದಿಯ ಕಡೆಗೆ ಚಾಚಿಕೊಂಡ ಮುಸಮ್ಮನ್ ಬುರುಜಿನ ಹತ್ತಿರ ಬಂದಾಗ ಹನ್ನೊಂದು ದಾಟಿತ್ತು. ಮಂಜು ಕರಗಿ, ಯಮುನೆಯ ತಿರುವಿನಾಚೆ ತಾಜ್ ಪೂರ್ತಿಯಾಗಿ ಕಂಡಿತು, ಅಂಗೈಯಲ್ಲಿ ಇಡುವಷ್ಟು ಸಣ್ಣದಾಗಿ.

ಗೈಡ್ ಅಲ್ಲಿ ಕುಳಿತು ಹೇಳಿದರು. ೧೬೫೭ರಲ್ಲಿ ಷಹಜಹಾನ್ ಜಡ್ಡಿಗೆ ಬಿದ್ದ. ದಾರಾ, ಶುಜಾ, ಔರಂಗಜೇಬ್, ಮುರಾದ್ ಎಂಬ ನಾಲ್ವರು ಮಕ್ಕಳು, ಎಲ್ಲರೂ ಒಬ್ಬಳೇ ತಾಯಿ ಮುಮ್ತಾಜಳ ಹೊಟ್ಟೆಯಲ್ಲಿ ಹುಟ್ಟಿದವರು, ತಂದೆ ಬದುಕಿರುವಾಗಲೇ ಸಿಂಹಾಸನಕ್ಕೆ ಬಡಿದಾಡಿದರು. ೧೬೫೮ರಲ್ಲಿ ಆಗ್ರಾದ ಹತ್ತಿರ ಸಾಮೂಗಢದಲ್ಲಿ ದಾರಾ ಸೋತ. ಔರಂಗಜೇಬ್ ಬಂದು ಕೋಟೆಗೆ ಮುತ್ತಿಗೆ ಹಾಕಿದ. ಗೋಡೆ ಗಟ್ಟಿ, ಬೀಳಲಿಲ್ಲ. ಆಗ ಯಮುನೆಯಿಂದ ಕೋಟೆಗೆ ನೀರು ಹೋಗುವ ಬಾಗಿಲನ್ನು ಹಿಡಿದು ನೀರು ನಿಲ್ಲಿಸಿದ. ಒಳಗಿನ ಬಾವಿಗಳ ನೀರು ಕಹಿ. ಯಮುನೆಯ ನೀರಿಗೆ ರೂಢಿಯಾದ ಬಾದಶಹ ಕೆಲವೇ ದಿನಗಳಲ್ಲಿ ಬಾಗಿಲು ತೆರೆದ. ಅಲ್ಲಿಂದ ೧೬೬೬ರಲ್ಲಿ ಸಾಯುವವರೆಗೆ, ಏಳೂವರೆ ವರ್ಷ, ತನ್ನ ಕೋಟೆಯಲ್ಲೇ ಸೆರೆ. ಮಗಳು ಜಹಾನಾರಾ ಜೊತೆಗಿದ್ದು ನೋಡಿಕೊಂಡಳು. ದಾರಾನನ್ನೂ ಮುರಾದನನ್ನೂ ಕೊಲ್ಲಿಸಲಾಯಿತು; ಶುಜಾ ಅರಾಕಾನಿಗೆ ಓಡಿ ಅಲ್ಲಿ ಮಣ್ಣಾದ.

“ಪಾಣಿ ಬಂದ್ ಕಿಯಾ? ಬೇಟೇ ನೇ?” ಅಪ್ಪ ಮತ್ತೊಮ್ಮೆ ಕೇಳಿದರು.

ಹೌದು ಎಂದರು ಗೈಡ್.

ಅಪ್ಪ ಮುಂದೆ ಮಾತಾಡಲಿಲ್ಲ. ನಮ್ಮ ಕಡೆ ನೋಡಲೂ ಇಲ್ಲ. ನೋಡಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನಿಸುತ್ತದೆ. ಕಲ್ಲಿನ ಕಟ್ಟೆಯ ಮೇಲೆ ಕುಳಿತು ನದಿಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಯಾರರೆ ನೀರ ಕೊಡ್ರಿ” ಅಂದರು. ಸೋಸಿ ಕುದಿಸಿದ ನೀರಿನ ತಂಬಿಗೆ ಇದ್ದದ್ದು ತಮ್ಮನ ಹೆಂಡತಿಯ ಚೀಲದಲ್ಲಿ. ಆಕೆ ಅಪ್ಪನಿಗೆ ಕೊಟ್ಟು, ಅವರು ಕುಡಿದ ಮೇಲೆ ಲೋಟ ತೊಳೆದು ಮತ್ತೆ ತುಂಬಿ ನಮ್ಮ ಮುಂದೆ ಹಿಡಿದಳು. “ವೈನಿ, ನೀವೂ ಕುಡೀರಿ. ಮುಂಜಾನಿಂದ ಕುಡದಿಲ್ಲ.” ಬೋರಿನ ನೀರು ನಮ್ಮದು ಎಂದು ಬರೆಸಿದವರಿಗೆ ಆಕೆ ನೀರು ಕೊಡುತ್ತಿದ್ದಳು. ಆ ಲೋಟ ತೆಗೆದುಕೊಳ್ಳುವಾಗ ನಮಗಾದ ನಾಚಿಕೆಯನ್ನು ಬರೆದು ತಿಳಿಸುವುದು ಕಷ್ಟ.

ಮಕ್ಕಳ ಮುಂದೆ ಬುದ್ಧಿವಾದ ಬೇಡವೆಂದು ಯಾರೂ ಏನೂ ಅನ್ನಲಿಲ್ಲ. ತಮ್ಮನ ಮಗನೇ ಗೈಡನ್ನು ಕೇಳಿದ, ಔರಂಗಜೇಬನ ಸಮಾಧಿ ಎಲ್ಲಿ ಎಂದು. ಅದಕ್ಕೆ ಉತ್ತರ ನಮಗೇ ಗೊತ್ತಿತ್ತು. ವೇರೂಳದ ಜೈನ ಗುಹೆಗಳಿಗೆ ಹೋದಾಗ ಪಕ್ಕದ ಖುಲ್ದಾಬಾದಿನಲ್ಲಿ ನೋಡಿದ್ದೇವೆ, ಮೇಲೆ ಗುಮ್ಮಟವಿಲ್ಲದ ಬಯಲು ಗೋರಿ. ನಮ್ಮ ಮಂಗಳವೇಢೆಯ ಹತ್ತಿರ ಬ್ರಹ್ಮಪುರಿಯಲ್ಲಿ, ಭೀಮಾ ದಂಡೆಯ ಮೇಲೆ ೧೬೯೫ರಿಂದ ವರ್ಷಗಟ್ಟಲೆ ಛಾವಣಿ ಹಾಕಿದ್ದವನೂ ಇವನೇ. ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಅವನ ಹಿಂದೆಯೂ ಮಕ್ಕಳು ಹಾಗೆಯೇ ಬಡಿದಾಡಿದರು.

ಹನ್ನೆರಡೂವರೆಗೆ ಧರ್ಮಶಾಲೆಗೆ ಮುಟ್ಟಿದೆವು. ಗೈಡಿಗೆ ಮೊದಲು ಅವರು ಹೇಳಿದ ಪೂರ್ತಿ ದರವನ್ನೇ ಕೊಟ್ಟೆವು. ಸಂಜೆಯ ಊಟ ಸೂರ್ಯ ಮುಳುಗುವ ಮೊದಲೇ ಮುಗಿಯಿತು. ರಾತ್ರಿ ಆಗ್ರಾ ಕ್ಯಾಂಟ್‌ನಲ್ಲಿ ಮಂಜಿನಿಂದ ಗಾಡಿ ತಡ. ಮಕ್ಕಳೂ ಅಪ್ಪನೂ ಶಾಲು ಹೊದ್ದು ಮಲಗಿದ್ದರು. ಆಗ ನಾವು ತಮ್ಮನನ್ನು ಹೆಸರು ಹಿಡಿದು ಕರೆದು, “ಬೋರಿನ ಸಾಲ ತಗಸೋಣು” ಎಂದೆವು. ಅವನು ಬಹಳ ಹೊತ್ತು ಹಳಿಗಳ ಕಡೆಗೆ ನೋಡಿ, “ಹೂಂ ಅಣ್ಣಾ. ಮೋಟರಿನ ಬಿಲ್ಲ ಅರ್ಧ ನಂದು” ಅಂದ. ಆಮೇಲೆ ಪೇಠಾದ ಪೆಟ್ಟಿಗೆ ಬಿಚ್ಚಲು ಹೋಗಿ, ರಾತ್ರಿಯೆಂದು ನೆನಪಾಗಿ ಇಬ್ಬರೂ ನಕ್ಕು ಮುಚ್ಚಿಟ್ಟೆವು.

ಓದುಗ ಬಂಧುಗಳು ಅಲ್ಲಿಗೆ ಹೋಗುವುದಾದರೆ ಎರಡು ಮಾತು. ಶುಕ್ರವಾರ ತಾಜ್ ಮುಚ್ಚಿರುತ್ತದೆ. ಊಟದ ಡಬ್ಬಿಯನ್ನು ಒಳಗೆ ಬಿಡುವುದಿಲ್ಲ, ನೀರು ಬಿಡುತ್ತಾರೆ. ಸಮಯ ಕಡಿಮೆಯಿದ್ದರೂ ತಾಜ್ ಒಂದನ್ನೇ ನೋಡಿ ತಿರುಗಬೇಡಿರಿ. ಕೋಟೆಯನ್ನು ತಪ್ಪದೆ ನೋಡಿರಿ. ಸಾಧ್ಯವಾದರೆ ಮನೆಯವರೆಲ್ಲ ಕೂಡಿ ಹೋಗಿರಿ.

ವಾಟಣಿ ನಿಲ್ಲಲಿಲ್ಲ. ಅಕ್ಷಯ ತೃತೀಯದ ದಿನ ಸಹಿಯಾಯಿತು. ಈಗ ಎರಡು ಒಲೆ, ಎರಡು ಅಂಗಡಿ. ನಡುವೆ ಒಂದು ಗೋಡೆ ಎದ್ದಿದೆ. ಬೋರು ಮಾತ್ರ ಒಂದೇ. ಅದರಿಂದ ಎರಡು ಪೈಪು, ಒಂದು ಈ ಕಡೆ, ಒಂದು ಆ ಕಡೆ. ಬೆಳಿಗ್ಗೆ ಮೋಟರು ಚಾಲೂ ಮಾಡುವ ಕೆಲಸವನ್ನು ಅಪ್ಪ ತಾವೇ ಇಟ್ಟುಕೊಂಡಿದ್ದಾರೆ. ಎರಡೂ ಕಡೆ ನೀರು ಬಿದ್ದ ಸಪ್ಪಳ ಕೇಳಿದ ಮೇಲೆಯೇ ಅವರು ಬಸದಿಗೆ ಹೊರಡುತ್ತಾರೆ.